ನನಗೊಂದು ಮಂದ ಕಿವಿಯ ಮೈಕು ಬೇಕಿತ್ತು

ನಾನು ಬಾಯಿ ತೆರೆದ ಗಳಿಗೆಗೇ ಪಕ್ಕದಲ್ಲಿ ಇನ್ನೇನಾದರೂ ಸದ್ದು ಶುರುವಾಗುವುದು ನನಗೆ ಹೊಸದಲ್ಲ. ನಿಕಾಹ್ ದಿನ ಒಪ್ಪಿಗೆ ಕೇಳಲು ಬಂದ ಹಿರಿಯರಿಗೆ ನಾನು ಹೇಳಿದ್ದು ಹೊರಗೆ ನಿಂತ ಜೀಪಿನ ಸೈಲೆನ್ಸರ್ ಸದ್ದಿನಲ್ಲಿ ಕೇಳಿಸದೆ, ಎರಡನೇ ಸಲ ಹೇಳಬೇಕಾಯಿತು. ಆ ಜೀಪು ಮದುಮಗನದ್ದೇ. ಅವರು ಮೆಕ್ಯಾನಿಕ್. ಬಣಕಲ್ಲಿನಲ್ಲಿ ಹೆದ್ದಾರಿಯ ಪಕ್ಕ ಅವರ ಗ್ಯಾರೇಜು, ಗ್ಯಾರೇಜಿನ ಬೆನ್ನಿಗೇ ನಮ್ಮ ಮನೆ. ಮಧ್ಯೆ ಇರುವುದು ಒಂದೇ ಗೋಡೆ, ಆ ಗೋಡೆಯಲ್ಲೂ ಒಂದು ಕಿಟಕಿ.

ಗೋಣಿಬೀಡಿನ ಕಡೆಯ ಒಂದು ಶಾಲೆಯಲ್ಲಿ ಆರು ವರ್ಷ ಅತಿಥಿ ಶಿಕ್ಷಕಿಯಾಗಿ ಕನ್ನಡ ಹೇಳಿಕೊಟ್ಟೆ. ಕಾಯಂ ಶಿಕ್ಷಕರು ಬಂದ ಮೇಲೆ ಅತಿಥಿ ಹೊರಡಬೇಕಲ್ಲ, ಹೊರಟೆ. ಎಂಟು ತಿಂಗಳು ಮನೆಯಲ್ಲಿ ಕೂತ ಮೇಲೆ ಸಿಕ್ಕಿದ್ದು ಆನ್‌ಲೈನ್ ಕೆಲಸ. ಬೆಂಗಳೂರಿಗೆ ಬಂದು ನೆಲೆಸಿದ ಹೊರರಾಜ್ಯದವರಿಗೆ ಮಾತಾಡುವ ಕನ್ನಡ ಕಲಿಸುವುದು. ಬೆಳಿಗ್ಗೆ ಏಳರಿಂದ ಎಂಟರವರೆಗೆ ತರಗತಿ. ಅಕ್ಷರ ಇಲ್ಲ, ಬರಹ ಇಲ್ಲ. ಕಿವಿಯಲ್ಲಿ ಕೇಳಿಸಿಕೊಂಡು ಬಾಯಲ್ಲಿ ಹೇಳುವುದಷ್ಟೇ. ಆದ್ದರಿಂದ ನನ್ನ ಧ್ವನಿ ಬಿಟ್ಟು ಇನ್ನೇನೂ ಅವರ ಕಿವಿಗೆ ಬೀಳಬಾರದು ಎನ್ನುವುದು ಸಂಸ್ಥೆಯ ಷರತ್ತು. ಓದಿದಾಗ ಬಹಳ ಸಣ್ಣ ಷರತ್ತು ಅನ್ನಿಸಿತ್ತು.

ಕುಶಲ ಪ್ರಶ್ನೆ

ಮೊದಲ ವಾರ ಲ್ಯಾಪ್‌ಟಾಪಿನ ಒಳಗೇ ಇರುವ ಮೈಕಿನಲ್ಲಿ ಪಾಠ ಮಾಡಿದೆ. ವಿದ್ಯಾರ್ಥಿಗಳು ನಾಲ್ಕು ಜನ. ಅವರಲ್ಲಿ ಒಬ್ಬರು ಬ್ಯಾಂಕ್ ಅಧಿಕಾರಿ, ಪಟ್ನಾ ಕಡೆಯವರು. ಅಷ್ಟು ಶ್ರದ್ಧೆಯ ವಿದ್ಯಾರ್ಥಿಯನ್ನು ನಾನು ಆರು ವರ್ಷ ಶಾಲೆಯಲ್ಲೂ ಕಂಡಿರಲಿಲ್ಲ. ಕಿವಿಗೆ ಬಿದ್ದದ್ದನ್ನೆಲ್ಲ ತಮ್ಮ ಲಿಪಿಯಲ್ಲಿ ಬರೆದುಕೊಂಡು ಸಂಜೆ ಹತ್ತು ಸಲ ಹೇಳಿ ಬಾಯಿಪಾಠ ಮಾಡುತ್ತಿದ್ದರು. ಅವರ ಮುಖ್ಯ ಗುಣವೂ ಅದೇ, ಮುಂದೆ ಆದ ತೊಂದರೆಯೂ ಅದೇ.

ಚಾರ್ಮಾಡಿ ಘಾಟಿ ಇಳಿಯುವವರು ಬೆಳಿಗ್ಗೆ ಬೆಳಿಗ್ಗೆ ನಮ್ಮಲ್ಲಿ ನಿಲ್ಲಿಸಿ ಬ್ರೇಕ್ ನೋಡಿಸಿಕೊಳ್ಳುತ್ತಾರೆ. ನಮ್ಮ ಮನೆಯವರು ಗಾಡಿಯ ಕೆಳಗೆ ಮಲಗಿಕೊಂಡೇ ಮೇಲೆ ಕೂತ ಡ್ರೈವರಿಗೆ ಕೂಗಿ ಕೇಳುತ್ತಾರೆ, ಅವನೂ ಕೂಗಿಯೇ ಉತ್ತರ ಕೊಡುತ್ತಾನೆ. ನಾನು ಒಳಗೆ ಕೂತು "ಹೇಗಿದ್ದೀರಿ" ಎನ್ನುವುದನ್ನು ಕಲಿಸುತ್ತಿದ್ದ ದಿನವೂ ಹಾಗೇ ಒಂದು ಟೆಂಪೊ ಬಂದು ನಿಂತಿತ್ತು. ನಾನು ಒಂದು ವಾಕ್ಯ ಹೇಳುವುದು, ಒಂದು ಗಳಿಗೆ ನಿಲ್ಲಿಸುವುದು. ನಾನು ನಿಲ್ಲಿಸಿದ ಜಾಗದಲ್ಲಿ ಸರಿಯಾಗಿ ಡ್ರೈವರ್ ಹೇಳುವುದು.

ಎರಡು ದಿನ ಬಿಟ್ಟು ಹಳೆಯ ಪಾಠ ಕೇಳುವಾಗ ಬ್ಯಾಂಕಿನವರಿಗೆ "ಹೇಗಿದ್ದೀರಿ?" ಎಂದೆ.

"ಬ್ರೇಕ್ ಹಿಡೀತಿಲ್ಲ" ಎಂದರು. ಉಚ್ಚಾರಣೆ ಒಂದು ಚೂರೂ ತಪ್ಪಿರಲಿಲ್ಲ.

ಇದನ್ನು ಬೇರೆ ಎಲ್ಲಾದರೂ ಹೇಳಿದ್ದೀರಾ ಎಂದು ನಾನು ಹೆದರಿಕೊಂಡೇ ಕೇಳಿದೆ. ಹಿಂದಿನ ದಿನ ಅವರ ಕನ್ನಡದ ಮ್ಯಾನೇಜರ್ ಕುಶಲ ಕೇಳಿದಾಗ ಹೇಳಿದ್ದರಂತೆ. ಮ್ಯಾನೇಜರ್ ಸ್ವಲ್ಪ ಹೊತ್ತು ಅವರ ಮುಖ ನೋಡಿ, ಹೆಗಲ ಮೇಲೆ ಕೈ ಇಟ್ಟು, ಎರಡು ದಿನ ರಜೆ ಹಾಕಿ ವಿಶ್ರಾಂತಿ ತೆಗೆದುಕೊಳ್ಳಿ ಎಂದರಂತೆ.

ಹಕಾರ ಹೋದದ್ದು

ವಾರ ಕಳೆಯುವುದರೊಳಗೆ ಸಂಸ್ಥೆಯಿಂದ ಪತ್ರ ಬಂತು. ನನ್ನ ಪಾಠ ಚೆನ್ನಾಗಿದೆ, ಆದರೆ ಹಿನ್ನೆಲೆಯ ಸದ್ದು ವಿಪರೀತ. ಒಂದು ತಿಂಗಳು ಸಮಯ ಕೊಡುತ್ತೇವೆ. ಅಷ್ಟರಲ್ಲಿ ಸರಿಮಾಡಿಕೊಂಡು, ಪಾಠ ಮಾಡುವ ಕೋಣೆಯಲ್ಲೇ ಹತ್ತು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ ಕಳಿಸಬೇಕು. ಇಲ್ಲದಿದ್ದರೆ ಈ ತರಗತಿ ಬೇರೆಯವರಿಗೆ ಹೋಗುತ್ತದೆ.

ನಮ್ಮ ಮನೆಯವರು ಪತ್ರ ಓದಿಸಿಕೊಂಡು, ಆ ಒಂದು ಗಂಟೆ ಗ್ಯಾರೇಜು ಮುಚ್ಚುತ್ತೇನೆ ಎಂದರು. ನಾನು ಖಂಡಿತ ಬೇಡ ಎಂದೆ. ಘಾಟಿ ಇಳಿಯುವವರು ಬರುವುದೇ ಆ ಹೊತ್ತಿಗೆ. ಅವರ ಕೆಲಸ ನಿಲ್ಲಿಸಿ ನನ್ನ ಕೆಲಸ ಉಳಿಸಿಕೊಳ್ಳುವುದು ಎಂಥ ಉಳಿಸಿಕೊಳ್ಳುವುದು. ಗ್ಯಾರೇಜೂ ನಡೆಯಬೇಕು, ಪಾಠವೂ ನಡೆಯಬೇಕು, ಇವೆರಡರ ನಡುವೆ ಏನು ಮಾಡಬೇಕೋ ಅದನ್ನು ನಾನು ಮಾಡುತ್ತೇನೆ ಎಂದು ಅವತ್ತೇ ತೀರ್ಮಾನ ಮಾಡಿಬಿಟ್ಟೆ.

ಮೊದಲು ಖರ್ಚಿಲ್ಲದ ದಾರಿ ನೋಡಿದೆ. ಸದ್ದನ್ನು ಸೋಸಿ ಮಾತನ್ನು ಮಾತ್ರ ಮುಂದೆ ಬಿಡುವ ಒಂದು ಆ್ಯಪ್ ಇದೆ ಎಂದು ಓದಿ ಹಾಕಿಕೊಂಡೆ. ಅದರಲ್ಲಿ ಕಡಿಮೆ, ಮಧ್ಯಮ, ಹೆಚ್ಚು ಎಂದು ಮೂರು ಹಂತ. ನಮ್ಮ ಮನೆಯ ಸ್ಥಿತಿ ಗೊತ್ತಿದ್ದರಿಂದ ನಾನು ನೇರವಾಗಿ ಹೆಚ್ಚಿಗೇ ಹೋದೆ. ಕಂಪ್ರೆಸರ್ ಸದ್ದು ಮಾಯವಾಯಿತು. ಸುತ್ತಿಗೆಯೂ ಇಲ್ಲ. ತಗಡಿನ ಮೇಲೆ ಬೀಳುವ ಮಳೆಯೂ ಇಲ್ಲ. ಮೂರು ದಿನ ನಾನು ಬಹಳ ನೆಮ್ಮದಿಯಲ್ಲಿ ಪಾಠ ಮಾಡಿದೆ.

ಆದರೆ ಆ ಆ್ಯಪ್ ಉಸಿರಿನಂತೆ ಮೆತ್ತಗೆ ಶುರುವಾಗುವ ಎಲ್ಲವನ್ನೂ ಗಾಳಿಯ ಸದ್ದೆಂದೇ ತಿಳಿದು ಕತ್ತರಿಸುತ್ತಿತ್ತು. ಕನ್ನಡದಲ್ಲಿ ಹಾಗೆ ಶುರುವಾಗುವುದು ಹಕಾರ. ನಾನು ಇಲ್ಲಿ "ಹೊಟ್ಟೆ" ಎಂದರೆ ಅಲ್ಲಿ "ಒಟ್ಟೆ" ಎಂದು ಕೇಳುತ್ತಿತ್ತು. ಅವರು ತಿರುಗಿ ಹಾಗೆಯೇ ಹೇಳಿದಾಗ, ಹೊಸಬರ ನಾಲಿಗೆ ತಾನೆ ಎಂದುಕೊಂಡೆ.

ತರಗತಿಯಲ್ಲಿ ಕೋಲ್ಕತ್ತದ ಒಬ್ಬರು ಡಾಕ್ಟರಮ್ಮ ಇದ್ದರು. ಅವರು ನಾಲ್ಕನೇ ದಿನ ಬಹಳ ಖುಷಿಯಿಂದ ಬಂದರು. ಆಸ್ಪತ್ರೆಯಲ್ಲಿ ಮೊದಲ ಬಾರಿ ಕನ್ನಡದಲ್ಲೇ ರೋಗಿಯನ್ನು ಮಾತಾಡಿಸಿದರಂತೆ. ಬಂದ ಅಜ್ಜಿಗೆ "ಒಟ್ಟೆ ಅಸಿವಾಗುತ್ತಾ? ಆಲು ಕುಡೀತೀರಾ?" ಎಂದು ಕೇಳಿದ್ದಾರೆ. ಮಂಡ್ಯ ಕಡೆಯ ಆ ಅಜ್ಜಿಗೆ ಕಣ್ಣಲ್ಲಿ ನೀರೇ ಬಂತಂತೆ. ಡಾಕ್ಟರಮ್ಮನ ಎರಡೂ ಕೈ ಹಿಡಿದುಕೊಂಡು, ತನ್ನ ಕಾಯಿಲೆ ಆಮೇಲೆ ಹೇಳುತ್ತೇನೆ, ಮೊದಲು ನೀನು ನಮ್ಮಲ್ಲಿ ಯಾರ ಮನೆ ಮಗಳು ಹೇಳು ಎಂದು ಹಿಡಿದು ಕೂತರಂತೆ.

ಎಷ್ಟು ವಿಷಲ್

ಆ್ಯಪ್ ತೆಗೆದುಹಾಕಿದೆ. ಮೈಕೇ ಬೇರೆ ಬೇಕು ಎಂದಾಯಿತು. ಮೂಡಿಗೆರೆಯಲ್ಲಿ ಮದುವೆ ವಿಡಿಯೊ ಮಾಡುವ ಸ್ಟುಡಿಯೊದವರೊಬ್ಬರು ನಮ್ಮ ಗ್ಯಾರೇಜಿನ ಗಿರಾಕಿ. ಅವರನ್ನು ಕೇಳಿದೆ. ಅವರು ಹತ್ತಿಯಲ್ಲಿ ಸುತ್ತಿಟ್ಟಿದ್ದ ದೊಡ್ಡ ಮೈಕೊಂದನ್ನು ಎರಡು ಕೈಯಲ್ಲಿ ಎತ್ತಿ ಕೊಟ್ಟು, "ಮೇಡಂ, ಇದರ ಕಿವಿ ಎಷ್ಟು ಸೂಕ್ಷ್ಮ ಅಂದ್ರೆ, ಕಾಫಿ ಹೂ ಅರಳೋ ಸದ್ದೂ ಹಿಡಿಯುತ್ತೆ" ಎಂದರು.

ನಾನು ಸಂತೋಷದಿಂದ ತಂದೆ. ನನಗೆ ಬೇಕಾದದ್ದು ಹೂ ಅರಳುವ ಸದ್ದು ಹಿಡಿಯದ ಮೈಕು ಎಂದು ಮನೆಗೆ ಬರುವವರೆಗೂ ಹೊಳೆಯಲಿಲ್ಲ.

ಮಾರನೇ ದಿನ ಪಾಠದ ನಡುವೆ ಬ್ಯಾಂಕಿನವರು ಕೈ ಎತ್ತಿದರು. "ಮೇಡಂ, ನಾಲ್ಕು ವಿಷಲ್ ಆಯ್ತು. ಒಲೆ ಆರಿಸಿ" ಎಂದರು. ನಮ್ಮ ಅಡುಗೆಮನೆಯಲ್ಲಿ ಒಲೆಯೇ ಹಚ್ಚಿರಲಿಲ್ಲ. ಎದ್ದು ಹೋಗಿ ನೋಡಿದರೆ ಸದ್ದು ಪಕ್ಕದ ಮನೆಯದು. ನಡುವೆ ಎರಡು ಗೋಡೆ, ಒಂದು ಪೇರಳೆ ಮರ. ಪಕ್ಕದ ಮನೆಯ ಅಕ್ಕ ಸೊಪ್ಪು ಕೊಯ್ಯಲು ಹಿತ್ತಿಲಿಗೆ ಹೋದವರು ಅಲ್ಲೇ ಯಾರ ಜೊತೆಗೋ ಮಾತಿಗೆ ನಿಂತುಬಿಟ್ಟಿದ್ದರು. ನಾನು ಹಿತ್ತಿಲ ಕಡೆಯ ಕಿಟಕಿಯಿಂದ ಕರೆದು ಹೇಳಿದೆ. ಅವರು ಓಡಿಹೋಗಿ ಒಲೆ ಆರಿಸಿದರು. ಇನ್ನೊಂದು ನಿಮಿಷ ತಡವಾಗಿದ್ದರೆ ಬೇಳೆ ತಳ ಹತ್ತುತ್ತಿತ್ತಂತೆ. ಹೇಗೆ ಗೊತ್ತಾಯಿತು ಎಂದು ಸಂಜೆ ಕೇಳಿದರು. ಬೆಂಗಳೂರಿನಿಂದ ಬ್ಯಾಂಕಿನವರೊಬ್ಬರು ಹೇಳಿದರು ಎಂದೆ.

ಇಷ್ಟು ಹೇಳಿದ್ದೇ ತಪ್ಪಾಯಿತು. ಮಾರನೇ ದಿನ ಏಳೂಕಾಲಕ್ಕೆ ಅಕ್ಕ ಬುಟ್ಟಿ ಹಿಡಿದುಕೊಂಡು ನಮ್ಮ ಹಿತ್ತಿಲ ಕಡೆಯ ಕಿಟಕಿಯ ಹೊರಗೆ ನಿಂತಿದ್ದರು. ನಾನು ತರಗತಿಯಲ್ಲಿದ್ದೇನೆ ಎಂದು ಕೈಸನ್ನೆ ಮಾಡಿದೆ. ಅವರು ಗೊತ್ತು ಎನ್ನುವಂತೆ ತಲೆ ಆಡಿಸಿ, ಮೈಕಿನ ಕಡೆಗೇ ನೋಡುತ್ತಾ ಹೇಳಿದರು.

"ಬ್ಯಾಂಕಿನವರಿಗೆ ಹೇಳಿ ಮಾರಾಯ್ತಿ, ಇವತ್ತು ಹಲಸಿನ ಬೀಜ ಹಾಕಿದ್ದೀನಿ, ಆರು ಆಗಲಿ ಅಂತ. ನಾನು ತೋಟಕ್ಕೆ ಹೋಗಿ ಬರ್ತೀನಿ."

ಸಂಸೆ ಬಸ್ಸು

ಸೂಕ್ಷ್ಮ ಕಿವಿಯ ಮೈಕನ್ನು ಸ್ಟುಡಿಯೊದವರಿಗೆ ಹಿಂದಕ್ಕೆ ಕೊಟ್ಟು, ಚಿಕ್ಕಮಗಳೂರಿಗೆ ಬಸ್ಸು ಹತ್ತಿದೆ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿ. ಅಂಗಡಿಯವರು ತಿಳಿದವರು. ನನ್ನ ಕಥೆ ಕೇಳಿ, ನೀವು ತಂದಿದ್ದು ಕಂಡೆನ್ಸರ್ ಜಾತಿಯದು, ಅದು ನಿಶ್ಶಬ್ದ ಕೋಣೆಗೆ ಸರಿ, ನಿಮಗೆ ಬೇಕಾದದ್ದು ಡೈನಾಮಿಕ್, ಅದರ ಕಿವಿ ಮಂದ ಎಂದರು. ಅದರಲ್ಲೂ ಮುಂದಿನಿಂದ ಬಂದದ್ದನ್ನು ಮಾತ್ರ ಕೇಳಿಸಿಕೊಂಡು, ಬೆನ್ನ ಹಿಂದಿನದಕ್ಕೆ ಹೆಚ್ಚುಕಡಿಮೆ ಕಿವುಡಾಗಿರುವಂಥದ್ದು ಇದೆಯಂತೆ. ಎರಡೂ ಗುಣ ಸೇರಿದ, ಕಪ್ಪಗೆ ದುಂಡು ತಲೆಯ ಒಂದನ್ನು ತೆಗೆದು ಮೇಜಿನ ಮೇಲಿಟ್ಟು ಮಾತಾಡಿ ತೋರಿಸಿದರು. ಚೆನ್ನಾಗಿಯೇ ಕೇಳಿತು. ಆದರೆ ಅಲ್ಲಿ ಗಾಜಿನ ಬಾಗಿಲು ಹಾಕಿತ್ತು, ಎಸಿ ಓಡುತ್ತಿತ್ತು. ಅಂಥ ಜಾಗದಲ್ಲಿ ಯಾವ ಮೈಕಾದರೂ ಒಳ್ಳೆಯದೇ.

ನಾನು ಹೊರಗೆ ನೋಡಬೇಕು ಎಂದೆ. ಹೊರಗೆ ಎಂದರೆ ಎಲ್ಲಿ ಎಂದರು. ಬಸ್ ಸ್ಟ್ಯಾಂಡಿನಲ್ಲಿ ಎಂದೆ. ಅವರು ನಕ್ಕರು. ನಾನು ನಗಲಿಲ್ಲ. ಕೊನೆಗೆ ಅವರೇ ಲ್ಯಾಪ್‌ಟಾಪ್ ಹಿಡಿದುಕೊಂಡು, ನಾನು ಮೈಕು ಹಿಡಿದುಕೊಂಡು, ಸ್ಟ್ಯಾಂಡಿನ ಬೆಂಚಿನ ಮೇಲೆ ಹೋಗಿ ಕೂತೆವು. ಎದುರಿಗೇ ಒಂದು ಬಸ್ಸು ಎಂಜಿನ್ ಆರಿಸದೆ ನಿಂತಿತ್ತು. ಮೈಕಿನ ಬೆನ್ನನ್ನು ಅದರ ಕಡೆಗೆ ತಿರುಗಿಸಿ, ನಾನು ಪಾಠದ ವಾಕ್ಯಗಳನ್ನು ಓದತೊಡಗಿದೆ. ಅಮ್ಮ ಮನೆಯಲ್ಲಿದ್ದಾರೆ. ಅಪ್ಪ ಪೇಟೆಗೆ ಹೋಗಿದ್ದಾರೆ. ಸಂಜೆ ಬರುತ್ತಾರೆ.

ಬೆಂಚಿನ ತುದಿಯಲ್ಲಿ ಕೂತಿದ್ದ ಒಬ್ಬರು ಅಜ್ಜ ಎದ್ದು ಬಂದರು. ಬಸ್ಸಿನ ಸಮಯ ಕೂಗಿ ಹೇಳುವವಳು ನಾನೇ ಎಂದುಕೊಂಡಿದ್ದಾರೆ. ಬಾಗಿ ಮೈಕಿನ ಹತ್ತಿರವೇ ಬಾಯಿಟ್ಟು, "ಸಂಸೆ ಬಸ್ಸು ಎಷ್ಟು ಹೊತ್ತಿಗಮ್ಮ?" ಎಂದರು. ನಾನು ವಿಷಯ ತಿಳಿಸಿದೆ. ಅವರಿಗೆ ಕುತೂಹಲವಾಯಿತು. ತಮ್ಮ ಮಾತೂ ಇದರಲ್ಲಿ ಬಿದ್ದಿದೆಯಾ ಎಂದು ಕೇಳಿದರು. ಬಿದ್ದಿರುತ್ತದೆ ಎಂದು ಅಂಗಡಿಯವರು ದೊಡ್ಡ ಹೆಡ್‌ಫೋನನ್ನು ಅವರ ಕಿವಿಗೆ ಹಾಕಿ ಕೇಳಿಸಿದರು.

ಅಜ್ಜನ ಮುಖ ಅರಳಿತು. ಇನ್ನೊಂದು ಸಲ ಹಾಕಿ ಎಂದರು. ಮೂರನೇ ಸಲವೂ ಕೇಳಿದರು. ಅಂಗಡಿಯವರು ಪರದೆಯ ಮೇಲಿನ ಗೆರೆಗಳನ್ನು ತೋರಿಸಿ, ಇದು ನಿಮ್ಮ ಧ್ವನಿ, ಇದು ಅಜ್ಜನದು ಎಂದು ನನಗೆ ವಿವರಿಸುತ್ತಿದ್ದರು. ನಾವಿಬ್ಬರೂ ಅದರಲ್ಲೇ ಮುಳುಗಿದ್ದೆವು.

ಅಜ್ಜ ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟು, "ತಗೊಳ್ಳಮ್ಮ, ಒಳ್ಳೆ ಮೈಕು. ಬಸ್ಸಿನ ಸದ್ದೇ ಇಲ್ಲ" ಎಂದರು.

ಮೂವರೂ ತಲೆ ಎತ್ತಿ ನೋಡಿದಾಗ ಬಸ್ಸೂ ಇರಲಿಲ್ಲ. ಹೋದದ್ದು ಸಂಸೆ ಬಸ್ಸೇ.

ಯಾರಿಗೆ ಕಿವಿ ಮಂದ

ಅಜ್ಜನಿಗೆ ಕಾಫಿ ಕೊಡಿಸಿ, ಮುಂದಿನ ಬಸ್ಸು ಹತ್ತಿಸಿಯೇ ನಾನು ಮೈಕು ಕಟ್ಟಿಸಿಕೊಂಡು ಬಂದೆ. ಮನೆಯಲ್ಲಿ ಮೇಜನ್ನು ತಿರುಗಿಸಿದೆ. ನಾನು ಗ್ಯಾರೇಜಿನ ಗೋಡೆಗೆ ಮುಖ ಮಾಡಿ ಕೂತರೆ ಮೈಕು ಗ್ಯಾರೇಜಿಗೆ ಬೆನ್ನು ಹಾಕುತ್ತದೆ. ಲೆಕ್ಕ ಸರಿಯಾಗಿತ್ತು. ಆದರೆ ಮೈಕಿನ ಮುಖ ನನ್ನ ಕಡೆಗಿದ್ದ ಮೇಲೆ ನನ್ನ ಬೆನ್ನ ಹಿಂದೆ ಇರುವುದನ್ನೂ ಅದು ನೋಡುತ್ತದಲ್ಲ. ನನ್ನ ಬೆನ್ನ ಹಿಂದೆ ಇದ್ದದ್ದು ಅಡುಗೆಮನೆ, ಅಡುಗೆಮನೆಯಲ್ಲಿ ನಮ್ಮ ಅತ್ತೆ.

ಅತ್ತೆ ನನ್ನ ಕೆಲಸದ ವಿಷಯದಲ್ಲಿ ನನಗಿಂತ ಹಟದವರು. ಸೊಸೆಯ ಕೆಲಸ ಹೋಗಬಾರದು ಎಂದು ಆ ಒಂದು ಗಂಟೆ ಪಾತ್ರೆ ಮುಟ್ಟುತ್ತಿರಲಿಲ್ಲ, ಚಪ್ಪಲಿ ಹಾಕುತ್ತಿರಲಿಲ್ಲ. ಆದರೆ ಮೈಕಿಗೆ ಒಂದು ಕಡೆ ಕಿವಿ ಕೇಳುವುದಿಲ್ಲ ಎಂದು ನಾನು ಹೇಳಿದ್ದನ್ನು ಅವರು ನೆನಪಿಟ್ಟುಕೊಂಡಿದ್ದರು. ಯಾವ ಕಡೆ ಎನ್ನುವುದನ್ನು ಮಾತ್ರ ಮರೆತಿದ್ದರು. ಪಕ್ಕದ ಮನೆಯ ಅಕ್ಕ ಹಿತ್ತಿಲ ಬಾಗಿಲಿಗೆ ಬಂದಾಗ, ಧೈರ್ಯವಾಗಿ ನನ್ನ ಬೆನ್ನ ಹಿಂದೆಯೇ ನಿಂತು ಮಾತಾಡಿದರು. ನಮ್ಮೊಳಗೆ ಬ್ಯಾರಿ ಭಾಷೆ ಮಾತಾಡುವ ಅತ್ತೆ ಅಕ್ಕನ ಜೊತೆ ಆಡುವುದು ಅಚ್ಚ ಕನ್ನಡ, ಅದೂ ಘಾಟಿಯ ಆಚೆ ಕೇಳುವಷ್ಟು ಗಟ್ಟಿಯಾಗಿ.

"ದಿನಾ ಬೆಳಿಗ್ಗೆ ಎದ್ದು ಆ ಕಪ್ಪು ಬದನೆಕಾಯಿ ಎದುರು ಕೂತು ಹೇಳ್ತಾನೇ ಇರ್ತಾಳೆ. ಅದಕ್ಕೆ ಬೇರೆ ಕಿವಿ ಮಂದ ಅಂತೆ, ಪಾಪ."

ನಾನು ಒಂದು ಮೊಳ ದೂರ ಕೂತು, ಸದ್ದಿನ ಗುಂಡಿಯನ್ನು ಪೂರ್ತಿ ಏರಿಸಿಟ್ಟುಕೊಂಡಿದ್ದೆ. ಹಾಗಾಗಿ ಅತ್ತೆಯ ಮಾತು ಒಂದಕ್ಷರ ಬಿಡದೆ ಬೆಂಗಳೂರು ತಲುಪಿತು. ಪರದೆಯ ಮೇಲೆ ನಾಲ್ಕು ಜನರೂ ಗಂಭೀರವಾದರು. ಡಾಕ್ಟರಮ್ಮ ಮುಂದೆ ಬಾಗಿ, ಒಂದೊಂದೇ ಪದ ಜೋಡಿಸಿ, ಹಕಾರವನ್ನೂ ಬಿಡದೆ ಹೇಳಿದರು.

"ಮೇಡಂ, ಬದನೆಕಾಯಿ ಅವರನ್ನು ನಮ್ಮ ಆಸ್ಪತ್ರೆಗೆ ಕರೆದುಕೊಂಡು ಬನ್ನಿ. ಕಿವಿ ನಾನು ನೋಡುತ್ತೇನೆ. ಹೆದರಬೇಡಿ."

ಅವರು ತಪ್ಪಿಲ್ಲದೆ ಹೇಳಿದ ಮೊದಲ ಉದ್ದನೆಯ ಮಾತು ಅದು. ತಿದ್ದಲು ನನಗೆ ಮನಸ್ಸೇ ಬರಲಿಲ್ಲ.

ಸ್ಕ್ರೂಡ್ರೈವರ್ ಪರೀಕ್ಷೆ

ಅಂಗಡಿಯವರಿಗೆ ಫೋನ್ ಮಾಡಿದೆ. ದೂರ ಕೂರಬೇಡಿ, ಬಾಯಿಗೂ ಮೈಕಿಗೂ ನಾಲ್ಕು ಬೆರಳು ಅಂತರ ಇರಲಿ, ಗುಂಡಿ ಇಳಿಸಿ, ಬೆನ್ನ ಹಿಂದೆ ದಪ್ಪನೆಯದು ಏನಾದರೂ ನೇತುಹಾಕಿ ಎಂದರು. ಹಾಗೇ ಮಾಡಿದೆ. ಅಡುಗೆಮನೆ ಬಾಗಿಲಿಗೆ ಎರಡು ರಜಾಯಿ, ಅದರ ಮೇಲೆ ಕಾಫಿಯ ಗೋಣಿಚೀಲ. ಮೈಕಿನಿಂದ ಬಸ್ಸು ಹೋಯಿತು, ಕುಕ್ಕರ್ ಹೋಯಿತು, ಅತ್ತೆಯೂ ಹೋದರು. ಆದರೆ ಹೊಸದಾಗಿ ಎರಡು ಸದ್ದು ಕೇಳತೊಡಗಿದವು. ಒಂದು ಸಣ್ಣಗೆ ಗುಂಯ್ ಎನ್ನುವುದು. ಇನ್ನೊಂದು ಟಕ್ ಟಕ್ ಎನ್ನುವುದು, ಅದೂ ಆಗಾಗ ಮಾತ್ರ. ರೆಕಾರ್ಡ್ ಕಳಿಸಲು ಐದೇ ದಿನ ಇತ್ತು.

ನಾನು ಕೂತು ಯೋಚಿಸುವುದನ್ನು ನೋಡಿ ನಮ್ಮ ಮನೆಯವರು ಒಳಗೆ ಬಂದರು. ಅದುವರೆಗೆ ಇದು ಓದಿದವರ ವ್ಯವಹಾರ ಎಂದು ಅವರು ದೂರ ಇದ್ದರು. ಈಗ ಕೈಯಲ್ಲಿ ಮೊಳದುದ್ದದ ಸ್ಕ್ರೂಡ್ರೈವರ್ ಇತ್ತು. ಎಂಜಿನ್ನಿನಲ್ಲಿ ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವಾಗ ಅವರು ಅದರ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಳ್ಳುತ್ತಾರೆ. "ನೀನು ಪಾಠ ಮಾಡ್ತಾ ಇರು ಮಾರಾಯ್ತಿ, ನಾನು ನೋಡ್ತೀನಿ" ಎಂದು ಮೇಜಿಗೆ ಒತ್ತಿ ಕಣ್ಣು ಮುಚ್ಚಿದರು.

ನಾನು ಯಾರೂ ಇಲ್ಲದ ಪರದೆಗೆ ಪಾಠ ಮಾಡಿದೆ. ಅವರು ಮೇಜಿನ ನಾಲ್ಕೂ ಕಾಲು ಕೇಳಿದರು. ಎಡಗಡೆಯ ಕಾಲಿನಿಂದ ನೆಲಕ್ಕೆ, ನೆಲದಿಂದ ಗೋಡೆಗೆ, ಗೋಡೆಯಿಂದ ಫ್ರಿಜ್ಜಿಗೆ ಹೋದರು. ಗುಂಯ್ ಎನ್ನುವುದು ಸಿಕ್ಕಿತು. ಫ್ರಿಜ್ಜಿನ ನಡುಕ ಗಾಳಿಯಲ್ಲಿ ಅಲ್ಲ, ನೆಲದಲ್ಲಿ ನಡೆದು ಬಂದು ಮೇಜು ಹತ್ತಿ ಮೈಕಿಗೆ ಸೇರುತ್ತಿತ್ತು. ಜೀಪಿನ ಸೈಲೆನ್ಸರ್ ತೂಗುಹಾಕುವ ರಬ್ಬರುಗಳನ್ನು ತಂದು, ಮೇಜಿನ ಮೇಲೆ ಒಂದು ಕಬ್ಬಿಣದ ತೋಳು ನಿಲ್ಲಿಸಿ, ಮೈಕನ್ನು ಆ ರಬ್ಬರುಗಳಲ್ಲಿ ತೂಗುಹಾಕಿದರು. ಗುಂಯ್ ನಿಂತೇಹೋಯಿತು. ನನಗೆ ನನ್ನ ಗಂಡನ ಮೇಲೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಟಕ್ ಟಕ್ ಮಾತ್ರ ಹಾಗೇ ಇತ್ತು. ಅವರು ಕಿಟಕಿ ಕೇಳಿದರು, ಗಡಿಯಾರ ಕೇಳಿದರು, ಕುರ್ಚಿ ಕೇಳಿದರು. ಅರ್ಧ ಗಂಟೆ ಹುಡುಕಿದ ಮೇಲೆ ಸ್ಕ್ರೂಡ್ರೈವರ್ ತುದಿಯನ್ನು ಮೆಲ್ಲಗೆ ತಂದು ನನ್ನ ಬಲಗೈ ಮಣಿಕಟ್ಟಿನ ಮೇಲೆ ಇಟ್ಟರು. ಆರು ವರ್ಷ ಹಲಗೆಯ ಮುಂದೆ ನಿಂತ ಅಭ್ಯಾಸ. ಪ್ರತಿಯೊಂದು ಪದಕ್ಕೂ ಪೆನ್ನಿನಿಂದ ಮೇಜು ಕುಟ್ಟುತ್ತಿದ್ದವಳು ನಾನೇ.

"ಇದಕ್ಕೆ ರಬ್ಬರ್ ಹಾಕೋಕೆ ಬರಲ್ಲ" ಎಂದು ಹೇಳಿ ಪೆನ್ನನ್ನು ಜೇಬಿಗೆ ಹಾಕಿಕೊಂಡು ಹೋದರು.

ಪರೀಕ್ಷೆಯ ಫಲಿತಾಂಶ

ಕೊನೆಯ ದಿನಕ್ಕೆ ಒಂದು ದಿನ ಮೊದಲೇ ಹತ್ತು ನಿಮಿಷ ರೆಕಾರ್ಡ್ ಮಾಡಿ ಕಳಿಸಿದೆ. ಅವತ್ತು ಹೊರಗೆ ಎರಡು ಲಾರಿ, ಒಂದು ಟಿಪ್ಪರ್ ನಿಂತಿದ್ದವು, ಮೇಲಿಂದ ಜಡಿ ಮಳೆ. ನಾನು ಬೇಕೆಂದೇ ಅಂಥ ಹೊತ್ತು ಆರಿಸಿಕೊಂಡಿದ್ದೆ. ಮತ್ತೆ ಹಾಕಿ ಕೇಳಿದರೆ ನನ್ನ ಧ್ವನಿ ಬಿಟ್ಟು ಇನ್ನೇನೂ ಇರಲಿಲ್ಲ. ಅತ್ತೆಗೂ ಕೇಳಿಸಿದೆ. ಅವರು, ನಿನ್ನದೇ ಧ್ವನಿ, ಆದರೆ ನಮ್ಮ ಮನೆ ಅಲ್ಲ ಎಂದರು.

ಸಂಸ್ಥೆಯ ಪರಿಶೀಲಕರಿಗೂ ಹಾಗೇ ಅನ್ನಿಸಿತ್ತು. ಮಾರನೇ ದಿನ ಬೆಳಿಗ್ಗೆ ತರಗತಿ ಮುಗಿದ ತಕ್ಷಣ ಅವರೇ ಪರದೆಯ ಮೇಲೆ ಬಂದರು. ಗಂಭೀರ ಮನುಷ್ಯ. ಮೊದಲ ವಾರದ ದೂರುಗಳನ್ನೆಲ್ಲ ಕೇಳಿದ್ದವರು. ಇದು ನಿಮ್ಮ ಕೋಣೆಯಲ್ಲಿ ಮಾಡಿದ್ದಲ್ಲ, ಎಲ್ಲೋ ಸ್ಟುಡಿಯೊದಲ್ಲಿ ಮಾಡಿಸಿ ಕಳಿಸಿದ್ದೀರಿ, ನಿಯಮದ ಪ್ರಕಾರ ಇದು ತಪ್ಪು ಎಂದರು. ಇಲ್ಲ ಸಾರ್, ಇದೇ ಕೋಣೆ ಎಂದೆ. ಅವರು ನನ್ನ ಹಿಂದೆ ನೇತಾಡುತ್ತಿದ್ದ ರಜಾಯಿ, ಗೋಣಿಚೀಲಗಳನ್ನು ನೋಡಿ, ಈಗಲೂ ಸ್ಟುಡಿಯೊದಲ್ಲೇ ಕೂತಿದ್ದೀರಿ ಅನ್ನಿಸುತ್ತಿದೆ ಎಂದರು.

ನನಗೆ ಕಣ್ಣು ತುಂಬಿ ಬಂತು. ಒಂದು ತಿಂಗಳು ಸದ್ದಿನ ಜೊತೆ ಗುದ್ದಾಡಿದ್ದೇನೆ, ಈಗ ಸದ್ದಿಲ್ಲ ಎನ್ನುವುದೇ ಅಪರಾಧ. ಆದರೂ ಬಿಡಬಾರದು ಎಂದು ಗಟ್ಟಿ ಮಾಡಿಕೊಂಡು, ಏನು ಮಾಡಿದರೆ ನಂಬುತ್ತೀರಿ ಎಂದು ಕೇಳಿದೆ. ನೀವು ಹೇಳುವ ಗ್ಯಾರೇಜು ಪಕ್ಕದಲ್ಲೇ ಇದ್ದರೆ, ಇದೇ ಮೈಕಿನಲ್ಲಿ ಅದರ ಸದ್ದು ನನಗೆ ಕೇಳಿಸಿ ಎಂದರು.

ಇಷ್ಟು ತಾನೆ ಎಂದು ನಾನು ಗ್ಯಾರೇಜಿನ ಕಡೆಯ ಕಿಟಕಿ ತೆರೆದೆ. ನಮ್ಮ ಮನೆಯವರನ್ನು ಕೂಗಿ, ಜೋರಾಗಿ ಏನಾದರೂ ಬಾರಿಸಿ ಎಂದೆ. ಒಂದು ತಿಂಗಳಿಂದ ಮೆಲ್ಲಗೆ ಮೆಲ್ಲಗೆ ಎನ್ನುತ್ತಿದ್ದವಳು ಹೀಗೆ ಹೇಳಿದ್ದರಿಂದ ಅವರು ಎರಡು ಸಲ ಕೇಳಿ ಖಚಿತ ಮಾಡಿಕೊಂಡು, ಲಾರಿ ಚಕ್ರದ ಡಿಸ್ಕಿಗೆ ಸುತ್ತಿಗೆಯಲ್ಲಿ ಬಾರಿಸಿದರು. ಪರಿಶೀಲಕರು ಏನೂ ಕೇಳಲಿಲ್ಲ ಎಂದರು. ಕಂಪ್ರೆಸರ್ ಹಾಕಿಸಿದೆ. ಇಲ್ಲ ಎಂದರು. ಅತ್ತೆಗೆ ವಿಷಯ ಗೊತ್ತಾಗಿ, ರಜಾಯಿ ಸರಿಸಿ ಬಂದು ಅಲ್ಯೂಮಿನಿಯಂ ತಟ್ಟೆಗೆ ಸೌಟಿನಿಂದ ಹೊಡೆದರು. ಪರಿಶೀಲಕರು ಹುಬ್ಬು ಗಂಟು ಹಾಕಿ, ಏನೋ ದೂರದಲ್ಲಿ ಸೊಳ್ಳೆ ಇದ್ದಂತಿದೆ ಎಂದರು. ಜೀಪಿನ ಹಾರ್ನ್ ಒತ್ತಿಸಿದೆ. ಪಕ್ಕದ ಮನೆಯ ಅಕ್ಕ ಏನು ಅನಾಹುತವಾಯಿತೋ ಎಂದು ಓಡಿ ಬಂದರು. ರಸ್ತೆಯ ಆಚೆ ಚಹಾ ಅಂಗಡಿಯಲ್ಲಿ ಇದ್ದವರೂ ಎದ್ದು ನಿಂತರು. ಇಡೀ ಬಣಕಲ್ಲಿಗೆ ಕೇಳಿದ್ದು ಆ ಮೈಕಿಗೆ ಮಾತ್ರ ಕೇಳಲಿಲ್ಲ.

ಕೊನೆಗೆ ನಮ್ಮ ಮನೆಯವರು ಸುತ್ತಿಗೆ ಕೆಳಗಿಟ್ಟು ಒಳಗೆ ಬಂದರು. ಅವರಿಗೆ ಎಂತ ಬೇಕಂತೆ ಎಂದು ಕೇಳಿದರು. ನಮ್ಮ ಸದ್ದು ಬೇಕಂತೆ, ಎಷ್ಟು ಮಾಡಿದರೂ ಮುಟ್ಟುತ್ತಿಲ್ಲ ಎಂದೆ. ಅವರು ಬಟ್ಟೆಯಲ್ಲಿ ಕೈ ಒರೆಸಿಕೊಂಡು, ನನ್ನನ್ನು ಪಕ್ಕಕ್ಕೆ ಸರಿಸಿ, ಮೈಕಿಗೆ ನಾಲ್ಕು ಬೆರಳು ಹತ್ತಿರ ಬಾಯಿ ತಂದು, ಗಿರಾಕಿಗಳ ಹತ್ತಿರ ಮಾತಾಡುವ ವಿನಯದ ಧ್ವನಿಯಲ್ಲಿ ಹೇಳಿದರು.

"ನಮಸ್ಕಾರ ಸಾರ್. ಗದ್ದಲ ಬೇಕು ಅಂದ್ರಂತೆ. ಯಾವುದು ಕೊಡ್ಲಿ? ಜೀಪಿದು ಇದೆ, ಟಿಪ್ಪರಿದು ಇದೆ. ಐದು ನಿಮಿಷ ಕಾಯೋದಾದ್ರೆ ಮಂಗಳೂರು ಬಸ್ಸಿದೂ ಬರುತ್ತೆ."

ಪರಿಶೀಲಕರು ತಟ್ಟನೆ ಕ್ಯಾಮೆರಾ ಆರಿಸಿಬಿಟ್ಟರು. ಮೈಕು ಆರಿಸಲು ಮರೆತಿದ್ದರಿಂದ, ಅವರು ಕುರ್ಚಿಯಲ್ಲಿ ಉರುಳಾಡಿ ನಗುವುದು ನಮಗೆ ಚೆನ್ನಾಗಿ ಕೇಳಿಸಿತು.

ಸಂಜೆಗೆ ವರದಿ ಬಂತು. ತರಗತಿ ನನ್ನದೇ ಎಂದು ಕಾಯಂ ಮಾಡಿದ್ದರು. ಪಾಠ, ಉಚ್ಚಾರಣೆ, ಸಮಯಪಾಲನೆ ಎಲ್ಲದರ ಮುಂದೆಯೂ "ಉತ್ತಮ" ಎಂದಿತ್ತು. ಕೊನೆಯ ಸಾಲು ಹೀಗಿತ್ತು: "ಹಿನ್ನೆಲೆ ಸದ್ದು: ಇಲ್ಲ. ಬೇಕೆಂದು ಕೇಳಿದರೆ ಒದಗಿಸುತ್ತಾರೆ."